ಮುಸೊಲಿನಿಯ ಇಟಲಿಯಲ್ಲಿ ಪ್ರಮಾಣವಚನ ಮತ್ತು ಅಂತಃಸಾಕ್ಷಿ

ಪ್ರಭುತ್ವವು ಪ್ರಜೆಯಿಂದ ತೆರಿಗೆಯನ್ನೂ ಕಾನೂನುಪಾಲನೆಯನ್ನೂ ಕೇಳುವುದು ಸಹಜ. ಆದರೆ ಅದು ನಂಬಿಕೆಯನ್ನೇ ಕೇಳತೊಡಗಿದಾಗ ರಾಜಕೀಯದ ಪ್ರಶ್ನೆ ಧರ್ಮದ ಪ್ರಶ್ನೆಯಾಗಿ ಮಾರ್ಪಡುತ್ತದೆ. ಬೆನಿಟೊ ಮುಸೊಲಿನಿಯ ಇಟಲಿಯಲ್ಲಿ ಈ ಮಾರ್ಪಾಟು ಮುಚ್ಚುಮರೆಯಿಲ್ಲದೆ ನಡೆಯಿತು. 1922ರ ಅಕ್ಟೋಬರಿನಲ್ಲಿ ಅವನ ಫ್ಯಾಸಿಸ್ಟ್ ಪಕ್ಷದ ಕಪ್ಪಂಗಿ ದಳಗಳು ರೋಮಿನತ್ತ ಹೊರಟಾಗ ದೊರೆ ಮೂರನೆಯ ವಿಕ್ಟರ್ ಇಮ್ಯಾನುಯೆಲ್ ಅವುಗಳನ್ನು ಸೇನೆಯಿಂದ ತಡೆಯುವ ಬದಲು ಮುಸೊಲಿನಿಗೆ ಪ್ರಧಾನಿ ಪದವಿಯನ್ನೇ ಕೊಟ್ಟನು. 1924ರಲ್ಲಿ ಸಮಾಜವಾದಿ ಸಂಸದ ಜಾಕೊಮೊ ಮತ್ತೆಯೊತ್ತಿಯವರ ಕೊಲೆಯಾಯಿತು. 1925ರ ಜನವರಿ 3ರಂದು, ನಡೆದುದೆಲ್ಲದರ ಹೊಣೆ ತನ್ನದೇ ಎಂದು ಮುಸೊಲಿನಿ ಸಂಸತ್ತಿನಲ್ಲೇ ಸಾರಿದರೂ ಅವನನ್ನು ಕೇಳುವವರಿರಲಿಲ್ಲ. ಈ ಏಳಿಗೆಯ ಕಥೆ ಹಲವರು ಬಲ್ಲದ್ದು. ಅದಕ್ಕೆ ಒದಗಿಬಂದ ತತ್ತ್ವ ಮಾತ್ರ ಅಷ್ಟಾಗಿ ಪರಿಚಿತವಲ್ಲ.

ಆ ತತ್ತ್ವವನ್ನು ಕಟ್ಟಿಕೊಟ್ಟವರು ದಾರ್ಶನಿಕ ಜೊವಾನ್ನಿ ಜೆಂಟಿಲೆ. 1932ರಲ್ಲಿ ಇಟಲಿಯ ವಿಶ್ವಕೋಶದಲ್ಲಿ ಮುಸೊಲಿನಿಯ ಹೆಸರಿನಲ್ಲಿ ಅಚ್ಚಾದ ಫ್ಯಾಸಿಸಂ ಕುರಿತ ಲೇಖನದ ತಾತ್ತ್ವಿಕ ಭಾಗ ಬಹುಮಟ್ಟಿಗೆ ಅವರದೇ. ಅವರು ಪ್ರತಿಪಾದಿಸಿದ ‘ನೈತಿಕ ಪ್ರಭುತ್ವ’, ಎಂದರೆ ನೀತಿಯನ್ನು ಕಾಯುವುದಷ್ಟೇ ಅಲ್ಲದೆ ನೀತಿಯ ಮೂಲವೇ ತಾನಾಗಿ ನಿಲ್ಲುವ ಪ್ರಭುತ್ವ, ವ್ಯಕ್ತಿಯ ಸಂಕಲ್ಪ ಬೇರೆ, ರಾಷ್ಟ್ರದ ಸಂಕಲ್ಪ ಬೇರೆ ಎಂಬ ಭೇದವನ್ನು ಒಪ್ಪುವುದಿಲ್ಲ. ವ್ಯಕ್ತಿ ತನ್ನ ನಿಜವಾದ ಸ್ವಾತಂತ್ರ್ಯವನ್ನು ಕಾಣುವುದು ಪ್ರಭುತ್ವದಲ್ಲಿ ಲೀನವಾದಾಗಲೇ ಎಂಬುದು ಅದರ ನಿಲುವು. ಜೀವ–ಬ್ರಹ್ಮರ ಐಕ್ಯದ ಮಾತು ಕೇಳಿ ಬೆಳೆದವರಿಗೆ ಈ ಧಾಟಿ ಪರಿಚಿತವೆನಿಸಬಹುದು, ಆದರೆ ಬ್ರಹ್ಮಕ್ಕೆ ಗುಪ್ತ ಪೊಲೀಸರೂ ಇಲ್ಲ, ಸೆರೆಮನೆಯೂ ಇಲ್ಲ. ಪ್ರಭುತ್ವವೇ ನೀತಿಯ ಮೂಲವಾದ ಮೇಲೆ, ಅದು ತಪ್ಪಿತೆಂದು ಹೇಳಲು ಬೇಕಾದ ನೆಲೆಯೇ ಉಳಿಯುವುದಿಲ್ಲ.

ಅಂಥ ನೆಲೆ ಯಾರಲ್ಲಾದರೂ ಉಳಿದಿದೆಯೇ ಎಂಬುದರ ಪರೀಕ್ಷೆ 1931ರಲ್ಲಿ ನಡೆಯಿತು. ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರೆಲ್ಲರೂ ದೊರೆಗೆ ಮಾತ್ರವಲ್ಲದೆ ಫ್ಯಾಸಿಸ್ಟ್ ಆಡಳಿತಕ್ಕೂ ನಿಷ್ಠರಾಗಿರುವುದಾಗಿ, ಅದಕ್ಕೆ ಸಮರ್ಪಿತರಾದ ನಾಗರಿಕರನ್ನು ರೂಪಿಸುವುದಾಗಿ ಪ್ರಮಾಣ ಮಾಡಬೇಕೆಂದು ಆ ವರ್ಷದ ಆಗಸ್ಟಿನಲ್ಲಿ ಆಜ್ಞೆಯಾಯಿತು. ಸುಮಾರು 1,200 ಮಂದಿಯಲ್ಲಿ ನಿರಾಕರಿಸಿದವರು ಹನ್ನೆರಡರ ಆಸುಪಾಸು. ಉಳಿದವರೆಲ್ಲ ಫ್ಯಾಸಿಸ್ಟರಾಗಿರಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಫ್ಯಾಸಿಸ್ಟ್ ಆಡಳಿತವೆಂದರೆ ಸರ್ಕಾರವೆಂದಷ್ಟೇ ತಿಳಿದು ಪ್ರಮಾಣ ಮಾಡಬಹುದೆಂದು ವ್ಯಾಟಿಕನ್ನಿನ ಪತ್ರಿಕೆ ಕ್ಯಾಥೊಲಿಕರಿಗೆ ಸಮಾಧಾನ ಹೇಳಿತು. ಕಮ್ಯುನಿಸ್ಟ್ ನಾಯಕ ತೊಲಿಯಾತ್ತಿ ತಮ್ಮವರು ಹುದ್ದೆಯಲ್ಲಿದ್ದೇ ಕೆಲಸ ಮುಂದುವರಿಸಲಿ ಎಂದರು. ಫ್ಯಾಸಿಸಂನ ಪ್ರಖರ ವಿಮರ್ಶಕರಾದ ಬೆನೆದೆತ್ತೊ ಕ್ರೋಚೆ ಕೂಡ, ಮುಂದೆ ರಾಷ್ಟ್ರಾಧ್ಯಕ್ಷರಾದ ಲುಯಿಜಿ ಐನೌದಿಯಂಥವರಿಗೆ ಪೀಠ ಬಿಡಬೇಡಿರೆಂದರು. ಬಾಯಿಮಾತು ಕೊಟ್ಟು ಮನಸ್ಸನ್ನು ಉಳಿಸಿಕೊಳ್ಳಿ ಎಂಬುದೇ ಮೂವರ ಸಲಹೆಯ ಸಾರ; ಸರ್ವಾಧಿಕಾರಕ್ಕೆ ಬೇಕಾಗಿದ್ದುದಾದರೂ ಆ ಬಾಯಿಮಾತೇ.

ನಿರಾಕರಿಸಿದವರ ಕಾರಣಗಳು ಒಂದೇ ಬಗೆಯವಲ್ಲ. ತಾರುಣ್ಯದಲ್ಲಿ ಸಾಂಖ್ಯದರ್ಶನದ ಮೇಲೆ ಗ್ರಂಥ ಬರೆದಿದ್ದ ಮಿಲಾನಿನ ತತ್ತ್ವಜ್ಞ ಪಿಯೆರೊ ಮಾರ್ತಿನೆತ್ತಿ, ತಮ್ಮ ಬೋಧನೆ ಅಂತಃಸಾಕ್ಷಿಯ ಹೊರತು ಬೇರೆ ಯಾವ ಅಪ್ಪಣೆಗೂ ಒಳಪಟ್ಟಿದ್ದಿಲ್ಲವೆಂದು ಮಂತ್ರಿಗೆ ಬರೆದು ಪೀಠ ಬಿಟ್ಟರು. ರೋಮಿನಲ್ಲಿ ಕ್ರೈಸ್ತಧರ್ಮದ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಎರ್ನೆಸ್ತೊ ಬುವೊನಾಯುತಿಯವರದು ಇನ್ನೂ ವಿಲಕ್ಷಣ ಪ್ರಸಂಗ. ಧರ್ಮಸಿದ್ಧಾಂತವನ್ನು ಇತಿಹಾಸದ ಬೆಳಕಿನಲ್ಲಿ ಮರುಪರಿಶೀಲಿಸಬೇಕೆಂಬ ‘ಆಧುನಿಕತಾವಾದ’ದ ಕಾರಣಕ್ಕೆ ಚರ್ಚು ಬಹಿಷ್ಕರಿಸಿದ್ದ ಈ ಪಾದ್ರಿ, ಆಣೆಯನ್ನೇ ಇಡಬಾರದೆಂಬ ಯೇಸುವಿನ ಬೋಧನೆಯನ್ನು ಮುಂದಿಟ್ಟು ನಿರಾಕರಿಸಿದರು. ಚರ್ಚು ಅಪ್ಪಣೆ ಕೊಟ್ಟಿದ್ದ ಪ್ರಮಾಣಕ್ಕೆ ಅದರ ಬಹಿಷ್ಕೃತನೊಬ್ಬ ಸುವಾರ್ತೆಯ ಬಲದಿಂದಲೇ ಇಲ್ಲವೆಂದದ್ದು ಆ ಕಾಲದ ಧರ್ಮಸಂಕಟವನ್ನು ಬಯಲಿಗಿಡುತ್ತದೆ.

ಮುಸೊಲಿನಿಯನ್ನು ಉರುಳಿಸಿದ್ದು ಅಂತಃಸಾಕ್ಷಿಯಲ್ಲ, ಎರಡನೆಯ ಮಹಾಯುದ್ಧದ ಸೋಲು. 1943ರ ಜುಲೈನಲ್ಲಿ ಮಿತ್ರಪಡೆಗಳು ಸಿಸಿಲಿಯಲ್ಲಿ ಇಳಿದು ರೋಮಿನ ಮೇಲೆ ಬಾಂಬುಗಳು ಬಿದ್ದ ಮೇಲೆ, ಅವನದೇ ಪಕ್ಷದ ಮಹಾಮಂಡಲಿ 7ರ ವಿರುದ್ಧ 19 ಮತಗಳಿಂದ ಅವನನ್ನು ಕೈಬಿಟ್ಟಿತು, ದೊರೆ ಬಂಧಿಸಿದನು. ಜರ್ಮನರು ಬಿಡಿಸಿ ಉತ್ತರದಲ್ಲಿ ಗದ್ದುಗೆಗೇರಿಸಿದರೂ, 1945ರ ಏಪ್ರಿಲ್ 28ರಂದು ಕೊಮೊ ಸರೋವರದ ಬಳಿ ಪ್ರತಿರೋಧ ಪಡೆಯವರು ಅವನನ್ನು ಗುಂಡಿಕ್ಕಿ ಕೊಂದರು. ಅವನೊಡನೆ ಅವನ ಒಪ್ಪಂದಗಳೆಲ್ಲ ಸಾಯಲಿಲ್ಲ. 1929ರಲ್ಲಿ ಅವನು ಚರ್ಚಿನೊಡನೆ ಮಾಡಿಕೊಂಡ ಲ್ಯಾಟರನ್ ಒಪ್ಪಂದದಲ್ಲಿ, ಚರ್ಚು ದಂಡಿಸಿದ ಪಾದ್ರಿಗಳು ಸರ್ಕಾರಿ ಬೋಧನಾ ಹುದ್ದೆಯಲ್ಲಿರಬಾರದೆಂಬ ವಿಧಿಯಿತ್ತು. ಸರ್ವಾಧಿಕಾರ ಅಳಿದ ಮೇಲೂ ಆ ವಿಧಿ ಜಾರಿಯಲ್ಲಿದ್ದುದರಿಂದ ಬುವೊನಾಯುತಿಯವರಿಗೆ ಮತ್ತೆ ತರಗತಿಗೆ ಕಾಲಿಡಲಾಗಲಿಲ್ಲ. ಅವರು 1946ರ ಏಪ್ರಿಲಿನಲ್ಲಿ ತೀರಿಕೊಂಡರು.