ಕೊನೆಗುಳಿದ ಒಂದು ಮೀನು

ಮೇ ತಿಂಗಳ ಒಂದು ಬೆಳಿಗ್ಗೆ ದೇವದುರ್ಗದ ಕಡೆಯ ನಮ್ಮೂರಿನಿಂದ ರಾಯಚೂರಿನ ಬಾಡಿಗೆ ರೂಮಿಗೆ ಮರಳಿದಾಗ ಗಾಜಿನ ತೊಟ್ಟಿಯಲ್ಲಿ ಒಂದೇ ಒಂದು ಮೀನು ಉಳಿದಿತ್ತು. ಹಿಂದಿನ ರಾತ್ರಿ ಬಹಳ ಹೊತ್ತು ಕರೆಂಟ್ ಇರಲಿಲ್ಲ ಎಂದು ಕೆಳಗಿನ ಮನೆಯವರು ಹೇಳಿದರು. ಗಾಳಿಯ ಪಂಪು ನಿಂತಿದೆ, ಬಾಗಿಲು ಹಾಕಿದ ರೂಮು ಕಾದಿದೆ, ನೀರೂ ಕಾದಿದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಬಿಸಿಯಾದಷ್ಟೂ ಮೀನಿಗೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಮೂರು ನಿಯಾನ್ ಟೆಟ್ರಾಗಳು ಮೇಲೆ ತೇಲುತ್ತಿದ್ದವು. ನಾಲ್ಕನೆಯದು ಫಿಲ್ಟರಿನ ಹಿಂದಿನ ಮೂಲೆಯಲ್ಲಿ ಬಣ್ಣ ಮಾಸಿ ನಿಂತಿತ್ತು.

ತಂದಿದ್ದು ಆರು. ಮೊದಲೆರಡು ಸತ್ತದ್ದು ನನ್ನ ಅವಸರಕ್ಕೆ. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯೂರಲು ಕೆಲವು ವಾರ ಬೇಕು. ನಾನು ನೀರು ತುಂಬಿದ ದಿನವೇ ಮೀನು ಬಿಟ್ಟಿದ್ದೆ. ಇದನ್ನೆಲ್ಲ ಓದಿದ್ದು ಅವು ಸತ್ತ ಮೇಲೆ. ಸಂಶೋಧನಾ ವಿದ್ಯಾರ್ಥಿಯಾಗಿ ಅದು ನನಗೆ ಇನ್ನಷ್ಟು ನಾಚಿಕೆಯ ವಿಷಯ.

ಒಂದು ಉಳಿಯಿತಲ್ಲ, ಅಲ್ಲಿಂದ ಶುರುವಾದ ಪ್ರಶ್ನೆ ಇದು. ನಿಯಾನ್ ಟೆಟ್ರಾ ಗುಂಪಿನ ಮೀನು. ಆರಕ್ಕಿಂತ ಕಡಿಮೆ ಸಾಕಬಾರದು, ಹತ್ತು ಇದ್ದರೆ ಒಳ್ಳೆಯದು ಎಂದು ಅನುಭವಸ್ಥರು ಹೇಳುತ್ತಾರೆ. ಹಾಗಾದರೆ ಈ ಒಂದಕ್ಕಾಗಿ ಇನ್ನೂ ಐದು ತರಬೇಕೆ? ತಂದರೆ, ಮುಂದೊಂದು ದಿನ ಆ ಆರರಲ್ಲೂ ಒಂದು ಕೊನೆಗುಳಿಯುತ್ತದೆ. ಆಗ ಮತ್ತೆ ಐದು. ಒಂದರ ಒಂಟಿತನ ತೀರಿಸಲು ಪ್ರತಿ ಸಲವೂ ಇನ್ನೊಂದು ಒಂಟಿತನಕ್ಕೆ ಬುನಾದಿ ಹಾಕಬೇಕು. ಸಾಲ ತೀರಿಸಲು ಸಾಲ ಮಾಡಿದ ಹಾಗೆ.

ಈ ಮೀನಿನ ಊರು ದಕ್ಷಿಣ ಅಮೆರಿಕದ ಅಮೆಜಾನ್ ಜಲಾನಯನ ಪ್ರದೇಶ. ವಿಜ್ಞಾನಕ್ಕೆ ಇದರ ಪರಿಚಯವಾದದ್ದು 1936ರಲ್ಲಿ. ಮೂರು ನಾಲ್ಕು ಸೆಂಟಿಮೀಟರ್ ಉದ್ದ, ಮೈಮೇಲೆ ನೀಲಿ ಗೆರೆ, ಬಾಲದ ಕಡೆಗೆ ಕೆಂಪು. ಮರದ ನೆರಳಿನ, ಎಲೆ ಕೊಳೆತು ಕಂದಾದ ಮೆದು ನೀರು ಅದಕ್ಕೆ ಒಗ್ಗುವಂಥದ್ದು. ಇಪ್ಪತ್ತರಿಂದ ಇಪ್ಪತ್ತಾರು ಡಿಗ್ರಿ ಉಷ್ಣಾಂಶ ಹಿತ. ನಮ್ಮಲ್ಲಿ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ, ಬೇಸಿಗೆಯ ಬಿಸಿಲು ನಲವತ್ತು ದಾಟುತ್ತದೆ. ಕ್ಯಾನಿನ ಆರ್‌ಓ ನೀರು ಬೆರೆಸಿ, ಮಧ್ಯಾಹ್ನ ಐಸ್ ತುಂಬಿದ ಬಾಟಲಿ ತೇಲಿಬಿಟ್ಟು ನಾನು ರಾಯಚೂರಿನಲ್ಲಿ ಎರಡಡಿಯ ಅಮೆಜಾನ್ ಮಾಡಲು ಹೊರಟಿದ್ದೆ.

ಯಾಕೆ? ಅವು ಒಟ್ಟಿಗೆ ತಿರುಗುವುದನ್ನು ನೋಡಲು. ರಾತ್ರಿ ಓದಿ ಕಣ್ಣು ಸೋತಾಗ ಆರೂ ಒಂದೇ ಮನಸ್ಸಿನಂತೆ ಹೊರಳುತ್ತಿದ್ದವು. ಅಂಗಡಿಗಳಲ್ಲಿ ಇವಕ್ಕೆ ‘ಶಾಂತ ಸ್ವಭಾವದ ಮೀನು’ ಎನ್ನುತ್ತಾರೆ. ಆದರೆ ಓದುತ್ತ ಹೋದಂತೆ ಆ ಮಾತು ಅಲುಗಾಡಿತು. ಸಣ್ಣ ಮೀನುಗಳು ಒತ್ತೊತ್ತಾಗಿ ಗುಂಪುಗೂಡುವುದು ಹೆದರಿದಾಗ. ನಿರಾಳವಾಗಿದ್ದರೆ ಅವು ಸಡಿಲವಾಗಿ ಹರಡಿಕೊಂಡು ತಮ್ಮ ಪಾಡಿಗೆ ಮೇಯುತ್ತವೆ. 1938ರಲ್ಲಿ ಕಾರ್ಲ್ ಫಾನ್ ಫ್ರಿಶ್ ಒಂದು ಸಂಗತಿ ವಿವರಿಸಿದ್ದರು: ಗಾಯಗೊಂಡ ಮಿನ್ನೋ ಮೀನಿನ ಚರ್ಮದಿಂದ ನೀರಿಗೆ ಬಿಡುಗಡೆಯಾಗುವ ವಸ್ತುವೊಂದು ಉಳಿದವನ್ನು ಬೆಚ್ಚಿಬೀಳಿಸುತ್ತದೆ. 1971ರಲ್ಲಿ ಡಬ್ಲ್ಯೂ. ಡಿ. ಹ್ಯಾಮಿಲ್ಟನ್ ಇನ್ನೂ ಕಟುವಾದ ಮಾತು ಮುಂದಿಟ್ಟರು: ಪ್ರತಿಯೊಂದು ಪ್ರಾಣಿಯೂ ತನ್ನ ಮತ್ತು ಬೇಟೆಗಾರನ ನಡುವೆ ಇನ್ನೊಂದು ಇರಲಿ ಎಂದು ಸರಿಯುವುದರಿಂದಲೂ ಹಿಂಡು ಆಗಬಹುದು. ಹಾಗಿದ್ದರೆ ನಾನು ಸೊಗಸು ಎಂದು ನೋಡುತ್ತಿದ್ದದ್ದು ಎಷ್ಟೋ ಸಲ ಅವುಗಳ ಭಯವನ್ನು. ನಾನು ಗಾಜಿಗೆ ಮುಖ ತಂದಾಗಲೇ ಅವು ಅಷ್ಟು ಚಂದ ಒಟ್ಟಾಗುತ್ತಿದ್ದವು.

ಇಲ್ಲಿ ಒಬ್ಬ ಗೆಳೆಯ ತಕರಾರು ತೆಗೆದ. ‘ಮೀನಿಗೆ ಒಂಟಿತನ ಅನ್ನೋದು ಐತಂತ ನಿನಗ ಯಾರು ಹೇಳಿದ್ರು?’ ಹಳೆಯ ಪ್ರಶ್ನೆ. ಚೀನಾದ ಚುವಾಂಗ್‌ತ್ಸು ಸೇತುವೆಯ ಮೇಲೆ ನಿಂತು ಕೆಳಗಿನ ಮೀನುಗಳು ಸಂತೋಷವಾಗಿವೆ ಎಂದಾಗ, ನೀನು ಮೀನಲ್ಲವಲ್ಲ, ನಿನಗೆ ಹೇಗೆ ಗೊತ್ತು ಎಂದು ಗೆಳೆಯ ಹುಯಿತ್ಸು ಕೇಳಿದ ಕತೆ ಎರಡು ಸಾವಿರ ವರ್ಷಕ್ಕೂ ಹಳೆಯದು. ವಿಜ್ಞಾನವೂ ಆ ಸೇತುವೆಯನ್ನು ಪೂರ್ತಿ ದಾಟಿಲ್ಲ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೈನ್‌ಬೋ ಟ್ರೌಟ್ ಮೀನಿನ ಮುಖದಲ್ಲಿ ನೋವಿನ ಪ್ರಚೋದನೆಗೆ ಸ್ಪಂದಿಸುವ ನರತುದಿಗಳಿವೆ ಎಂದು ತೋರಿಸಿದರು. 2016ರಲ್ಲಿ ಬ್ರಯಾನ್ ಕೀ, ಅನುಭವಿಸಲು ಬೇಕಾದ ಮೆದುಳಿನ ರಚನೆಯೇ ಇಲ್ಲದ ಮೀನಿಗೆ ನೋವು ಆಗುವುದಿಲ್ಲ ಎಂದು ವಾದಿಸಿದರು. ಅದಕ್ಕೆ ಹಲವರು ಮರುವಾದ ಹೂಡಿದರು.

ನನ್ನ ಉತ್ತರ ಇಷ್ಟು. ಮೀನಿಗೆ ಸುಖವಿದೆಯೇ ಎಂಬ ಪ್ರಶ್ನೆ ನನ್ನ ಅಳತೆಗೆ ದೊಡ್ಡದು. ಈ ಮೀನಿಗೆ ಏನು ಕೊರತೆಯಾಗಿದೆ ಎಂಬುದು ಸಣ್ಣ ಪ್ರಶ್ನೆ, ಅದಕ್ಕೆ ಕಣ್ಣೇ ಸಾಕ್ಷಿ. ಐದು ಜೊತೆಗಿದ್ದಾಗ ನಡುನೀರಿನಲ್ಲಿ ಈಜಿ ತಿನ್ನುತ್ತಿದ್ದದ್ದು ಈಗ ಮೂಲೆ ಬಿಟ್ಟು ಬರುವುದಿಲ್ಲ, ಕಾಳು ತಳಕ್ಕಿಳಿದರೂ ಮುಟ್ಟುವುದಿಲ್ಲ. ಒಳಗೇನಿದೆಯೋ ನನಗೆ ಗೊತ್ತಾಗುವುದಿಲ್ಲ. ಆದರೆ ಗೊತ್ತಾಗದಿರುವುದರ ಲಾಭವನ್ನು ಬಲವಿರುವ ನಾನೇ ಪಡೆಯುವುದು ನ್ಯಾಯವಲ್ಲ.

ಕೃಷ್ಣೆಗೋ ಕಾಲುವೆಗೋ ಬಿಟ್ಟುಬಿಡು ಎಂದರು ಒಬ್ಬರು. ಕೇಳಲು ಪುಣ್ಯದ ಕೆಲಸ. ಆದರೆ ಈ ಮೀನು ಆ ನೀರಿನಲ್ಲಿ ಬದುಕುವುದು ಕಷ್ಟ. ಬದುಕಿದರೆ ಇನ್ನೂ ಕಷ್ಟ. ತೊಟ್ಟಿಯಲ್ಲಿ ಪಾಚಿ ತಿನ್ನಲಿ ಎಂದು ತಂದ ಸಕರ್ ಮೀನುಗಳು ದಕ್ಷಿಣ ಭಾರತದ ಎಷ್ಟೋ ಕೆರೆ ಹೊಳೆಗಳಲ್ಲಿ ಈಗ ಬೇರೂರಿ ಮೀನುಗಾರರ ಬಲೆ ಹರಿಯುತ್ತಿವೆ. ತನ್ನ ಹೊಣೆಯನ್ನು ಹೊಳೆಗೆ ಹಾಕಿ ಕೈ ತೊಳೆದುಕೊಳ್ಳುವುದಕ್ಕೆ ಬಿಡುಗಡೆ ಎಂಬ ಹೆಸರು ಸಲ್ಲದು.

ಅದೇ ವಾರ ಊರಿಗೆ ಫೋನ್ ಮಾಡಿದ್ದೆ. ನಮ್ಮ ಓಣಿಯ ಬಹುಪಾಲು ಜನ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಕಟ್ಟಡದ ಕೆಲಸಕ್ಕೆ. ಅವರೂ ಒಬ್ಬೊಬ್ಬರಾಗಿ ಹೋಗುವುದಿಲ್ಲ. ಅಣ್ಣತಮ್ಮ, ನೆರೆಹೊರೆ ಕೂಡಿ ಒಂದೇ ಶೆಡ್ಡಿನಲ್ಲಿ ಇರುತ್ತಾರೆ. ಉಳಿಯುವವರು ಮುದುಕರು. ನಮ್ಮ ಅಜ್ಜಿಯೂ ಒಬ್ಬಳೇ. ‘ಇಲ್ಲೇ ರಾಯಚೂರಿಗೆ ಬಾ’ ಎಂದು ಮತ್ತೆ ಕರೆದೆ. ಅವಳೆಂದಳು: ‘ತಮ್ಮಾ, ಇಲ್ಲಿ ಕಟ್ಟಿಮ್ಯಾಗ ಕುಂತ್ರ ನಾಕು ಮುದುಕ್ಯಾರು ಬಂದು ಮಾತಾಡಸ್ತಾರ. ನಿನ್ನ ರೂಮಿನ್ಯಾಗ ಗ್ವಾಡಿ ಮಾತಾಡಸ್ತೈತೇನು?’

ಅಜ್ಜಿಯನ್ನು ಮೀನಿಗೆ ಹೋಲಿಸುತ್ತಿಲ್ಲ. ಅವಳು ಒಲ್ಲೆ ಎನ್ನಬಲ್ಲಳು, ಮೀನು ಎನ್ನಲಾರದು. ಆ ವ್ಯತ್ಯಾಸ ದೊಡ್ಡದು. ಆದರೆ ಎರಡೂ ಕಡೆ ನಾನು ಮಾಡುತ್ತಿದ್ದ ತಪ್ಪು ಒಂದೇ. ಅವಳಿಗೆ ಯಾರು ಬೇಕು ಎಂದು ಕೇಳಿಕೊಳ್ಳದೆ, ಅವಳು ನನ್ನ ಹತ್ತಿರ ಇದ್ದರೆ ಸಾಕು ಎಂದುಕೊಂಡಿದ್ದೆ. ಮೀನಿನ ವಿಷಯದಲ್ಲೂ ‘ಐದು ತರಲೇ, ಬೇಡವೇ’ ಎಂದು ಎರಡೇ ದಾರಿ ಕಂಡದ್ದು, ಅದು ನನ್ನ ತೊಟ್ಟಿಯಲ್ಲೇ ಇರಬೇಕು ಎಂದು ಮೊದಲೇ ತೀರ್ಮಾನಿಸಿದ್ದರಿಂದ. ಮೂರನೆಯ ದಾರಿ ಇತ್ತು. ಮಾನ್ವಿಯಲ್ಲಿ ಮೇಷ್ಟರಾಗಿರುವ ನನ್ನ ದೋಸ್ತನ ಮನೆಯಲ್ಲಿ ದೊಡ್ಡ ತೊಟ್ಟಿ, ಹದಿನಾಲ್ಕು ನಿಯಾನ್‌ಗಳು. ಅದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಆದರೂ ನೆನಪಾಗಲು ಒಂಬತ್ತು ದಿನ ಬೇಕಾದವು.

ಮುಂಜಾನೆಯ ಮೊದಲ ಬಸ್ಸಿಗೆ ಹೊರಟೆ. ಪ್ಲಾಸ್ಟಿಕ್ ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಮೇಲೆ ಬೆಳಕು ಬೀಳದಂತೆ ಬಟ್ಟೆಯ ಚೀಲ. ದಾರಿಯುದ್ದಕ್ಕೂ ಭತ್ತ ಕೊಯ್ದ ಗದ್ದೆಗಳು. ಈ ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ, ಬಂದರೆ. ಮಾನ್ವಿ, ರಾಯಚೂರಿನವರು ಕೊನೆ ಭಾಗದ ರೈತರು. ಮೇಲ್ಭಾಗದಲ್ಲಿ ತುಂಬಿ ಹರಿದರೂ ಇಲ್ಲಿಗೆ ಮುಟ್ಟದ ವರ್ಷಗಳನ್ನು ಕಂಡವರು. ಕಾಲುವೆ ಸರಿಯಿದೆಯೋ ಇಲ್ಲವೋ ಎಂದು ತೂಬಿನ ಹತ್ತಿರ ನಿಂತು ಹೇಳಬೇಡಿ, ಕೊನೆಯ ಹೊಲಕ್ಕೆ ಬಂದು ನೋಡಿ ಎಂಬುದು ಅವರ ಬಹಳ ಕಾಲದ ವಾದ. ಸಾಕುವುದಕ್ಕೂ ಅದೇ ಅಳತೆ ಎನಿಸಿತು. ಆರು ಮೀನು ಫಳಫಳ ಹೊಳೆಯುವಾಗ ಎಲ್ಲರೂ ಒಳ್ಳೆಯ ಸಾಕುವವರೇ. ಕೊನೆಯದಕ್ಕೆ ನಾವೇನು ಮಾಡುತ್ತೇವೆ ಎಂಬುದನ್ನು ಮೊದಲನೆಯದನ್ನು ತರುವ ಮುಂಚೆಯೇ ಯೋಚಿಸಿರಬೇಕು. ಉತ್ತರವಿಲ್ಲದಿದ್ದರೆ ತರಬಾರದು.

ಮೀನು ಸಾಕಲೇಬಾರದು ಎಂದು ನಾನು ಹೇಳಲಾರೆ. ತೊಟ್ಟಿಯ ಮುಂದೆ ಕೂತೇ ನಾನು ನೀರಿನ ಬಗ್ಗೆ ಇಷ್ಟು ಕಲಿತದ್ದು. ಆದರೆ ಐದು ಜೀವಗಳ ಬೆಲೆಗೆ ಕಲಿತ ಪಾಠವನ್ನು ಹೆಮ್ಮೆಯಿಂದ ಹೇಳಿಕೊಳ್ಳಲೂ ಬಾರದು.

ದೋಸ್ತ ಚೀಲವನ್ನು ತನ್ನ ತೊಟ್ಟಿಯಲ್ಲಿ ಇಪ್ಪತ್ತು ನಿಮಿಷ ತೇಲಿಬಿಟ್ಟ. ಆಮೇಲೆ ಅಲ್ಲಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಬೆರೆಸುತ್ತ ಬಂದ, ಕೊನೆಗೆ ಮೀನನ್ನು ಮಾತ್ರ ಬಲೆಯಿಂದ ಒಳಗೆ ಬಿಟ್ಟ. ಹೊಸಬನನ್ನು ಕಂಡು ಹದಿನಾಲ್ಕೂ ಬೆಚ್ಚಿ ಒತ್ತಾದವು. ನನ್ನದು ಗಾಜಿನ ಮೂಲೆಗೆ ಹೋಯಿತು. ಒಂದು ತಾಸು ಕೂತೆ, ಅಲ್ಲೇ ಇತ್ತು. ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದೆ.

ಎರಡು ದಿನದ ಮೇಲೆ ಫೋನ್ ಮಾಡಿ ಕೇಳಿದೆ. ‘ಹದಿನೈದೂ ಅದಾವಲೇ’ ಎಂದ. ‘ನಿಂದು ಯಾವುದು ಅಂತ ಮಾತ್ರ ಗೊತ್ತಾಗವಲ್ದು.’