ಮುಚ್ಚಳದ ಹಿಂದಿನ ಓರಣ

ನೆಂಟರು ಬರುತ್ತಾರೆಂದು ಫೋನು ಬಂದೊಡನೆ ನಾವೆಲ್ಲ ಮಾಡುವ ಕೆಲಸ ಒಂದೇ. ಹರಡಿದ್ದನ್ನೆಲ್ಲ ಬಾಚಿ ಒಳಕೋಣೆಗೆ ತಳ್ಳಿ ಬಾಗಿಲು ಹಾಕುವುದು. ನಡುಮನೆ ಓರಣವಾಯಿತು. ನೆಂಟರಿಗೂ ಇದು ಗೊತ್ತು, ಅವರ ಮನೆಯಲ್ಲೂ ಅಂಥದೊಂದು ಕೋಣೆ ಇದ್ದೇ ಇರುತ್ತದೆ. ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಆ ಒಳಕೋಣೆ ನೀರಿನ ಮೇಲೆ ತೇಲುತ್ತಿದ್ದರೆ? ಯಾರೂ ನೋಡದ ಕಡೆಯಲ್ಲೂ ಕೆಲಸ ಅಚ್ಚುಕಟ್ಟಾಗಿರಬೇಕೇ? ಇರಬೇಕಾದರೆ, ಅದು ಯಾರಿಗಾಗಿ? ಈ ಪ್ರಶ್ನೆಯನ್ನು ನಮಗೆ ಕೇಳಿದ್ದು ಯಾವ ಗ್ರಂಥವೂ ಅಲ್ಲ, ಒಂದು ಹಳೆಯ ಮೀನುದೋಣಿ.

ನಾವೆಂದರೆ ಒಹಾಯೋದಲ್ಲಿ, ಈರಿ ಸರೋವರಕ್ಕೆ ಹತ್ತಿರದಲ್ಲಿ ನೆಲೆಸಿರುವ ಮೂರು ಸಂಸಾರಗಳು. ಮೂವರೂ ದುಡ್ಡು ಹಾಕಿ 18 ಅಡಿಯ ಅಲ್ಯೂಮಿನಿಯಮ್ ದೋಣಿಯೊಂದನ್ನು ಸೆಕೆಂಡ್ ಹ್ಯಾಂಡಾಗಿ ಕೊಂಡಿದ್ದೆವು. ನಮ್ಮಲ್ಲೊಬ್ಬರು ಮಲ್ಪೆಯ ಕಡೆಯವರು, ಮೀನಿಲ್ಲದೆ ಅವರಿಗೆ ಊಟ ಸೇರದು. ಇನ್ನೊಬ್ಬರು ಮೀನು ಮುಟ್ಟುವುದಿಲ್ಲ, ಹಿಡಿದು ಬಿಡುವ ಹುಚ್ಚು ಮಾತ್ರ ಉಂಟು. ಮೂರನೆಯವರು ಬರುವುದು ಚಿತ್ರಾನ್ನಕ್ಕೆ. ದೋಣಿಗೆ ಹೊಸ ಬಣ್ಣ ಬಳಿದಿತ್ತು, ಸೀಟುಗಳು ಹೊಳೆಯುತ್ತಿದ್ದವು. ಮುಚ್ಚಳ ತೆಗೆದು ಒಳಗೆ ನೋಡಬೇಕೆಂದು ಮೂರು ಜನ ಪದವೀಧರರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಸೆಪ್ಟೆಂಬರಿನ ಒಂದು ಸಂಜೆ ಸ್ಯಾಂಡಸ್ಕಿಯಿಂದ ವಾಲ್‌ಐ ಮೀನಿಗೆಂದು ಹೊರಟೆವು. ಇಬ್ಬರು ಮಕ್ಕಳೂ ಜೊತೆಗಿದ್ದರು. ಮಹಾಸರೋವರಗಳಲ್ಲೆಲ್ಲ ಈರಿಯೇ ಆಳ ಕಡಿಮೆಯದು. ಅದರ ಪಶ್ಚಿಮ ಭಾಗದ ಸರಾಸರಿ ಆಳ ಸುಮಾರು 24 ಅಡಿ ಅಷ್ಟೆ. ಆಳ ಕಡಿಮೆಯೆಂದರೆ ಭಯ ಕಡಿಮೆಯೆಂದು ತಿಳಿಯಬೇಡಿ. ಗಾಳಿ ಎದ್ದರೆ ಅಲ್ಲಿ ಅಲೆಗಳು ಬೇಗನೆ ಏಳುತ್ತವೆ, ಒಂದರ ಬೆನ್ನಿಗೆ ಒಂದು ಕಡಿದಾಗಿ ಬಂದು ಬಡಿಯುತ್ತವೆ. ಅಂದು ಕತ್ತಲಾಗುತ್ತಿದ್ದಂತೆ ಗಾಳಿ ಎದ್ದಿತು, ದೋಣಿಯೊಳಗೆ ನೀರು ಎರಚಿತು. ಅದೇ ಹೊತ್ತಿಗೆ ದೀಪಗಳು, ಮೀನು ತೋರಿಸುವ ಯಂತ್ರ, ತಳದ ನೀರೆತ್ತುವ ಪಂಪು, ಮೂರೂ ಒಟ್ಟಿಗೆ ನಿಂತುಹೋದವು.

ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಮುಚ್ಚಳ ತೆಗೆದೆವು. ಒಳಗೆ ಕಂಡದ್ದು ತಂತಿಗಳ ಒಂದು ದೊಡ್ಡ ಗೊಂಚಲು. ಎಲ್ಲವೂ ಕೆಂಪು. ಯಾವುದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ದೇವರೇ ಹೇಳಬೇಕು. ‘ಇದೆಂತ ಮಾರಾಯ್ರೆ, ದೋಣಿಯಾ ಕಾಗೆ ಗೂಡಾ?’ ಎಂದರು ಮಲ್ಪೆಯವರು. ನೀರು ಕಣಕಾಲು ಮುಟ್ಟಿತ್ತು. ಚಿತ್ರಾನ್ನದ ಡಬರಿಯಿಂದ ನೀರು ಮೊಗೆದು ಚೆಲ್ಲಿದೆವು. ಬೇರೆ ದೋಣಿಗಳಿಗೆ ಕಾಣಲೆಂದು ಮಕ್ಕಳ ಕೈಯಲ್ಲಿ ಟಾರ್ಚು ಆಡಿಸಿದೆವು. ಇಂಜಿನ್ನಿಗೆ ಬ್ಯಾಟರಿಯಿಂದ ಬೇರೆಯೇ ತಂತಿ ಇದ್ದುದರಿಂದ ದಡ ಸೇರಿದೆವು. ಮನೆಗೆ ಬಂದ ಮೇಲೂ ಆ ರಾತ್ರಿ ಯಾರೂ ಮಾತಾಡಲಿಲ್ಲ.

ಮರುದಿನ ಕಾರಣ ತಿಳಿಯಿತು. ಒಂದು ತಂತಿ ಅಲ್ಯೂಮಿನಿಯಮ್ ಅಂಚಿಗೆ ಉಜ್ಜಿ ಉಜ್ಜಿ ಮೈ ಸವೆದು, ಲೋಹಕ್ಕೆ ತಾಗಿ ಫ್ಯೂಸ್ ಹಾರಿಸಿತ್ತು. ಆ ಒಂದೇ ಫ್ಯೂಸಿಗೆ ಮೂರನ್ನೂ ಕಟ್ಟಿದ್ದರು. ಮೀನು ತೋರಿಸುವ ಯಂತ್ರದ ತಂತಿ ಸವೆದರೆ ಪಂಪು ಏಕೆ ಸಾಯಬೇಕು?

ಆಗ ನಮ್ಮೊಳಗೆ ಚರ್ಚೆ ಎದ್ದಿತು. ‘ಹೊಸ ಫ್ಯೂಸ್ ಹಾಕಿ, ಟೇಪು ಸುತ್ತಿ ಮಾರಿಬಿಡೋಣ. ನಮಗೆ ಮಾರಿದವನು ಇದನ್ನೆಲ್ಲ ಹೇಳಿದನೇ? ಕೊಳ್ಳುವವನು ನೋಡಿಕೊಂಡು ಕೊಳ್ಳಬೇಕು,’ ಎಂದರು ಚಿತ್ರಾನ್ನದವರು. ಅವರು ಕೆಟ್ಟವರಲ್ಲ. ನಮ್ಮೆಲ್ಲರ ಮನಸ್ಸಿನಲ್ಲಿದ್ದುದನ್ನು ಅವರು ಬಾಯಿಬಿಟ್ಟು ಹೇಳಿದರು, ಅಷ್ಟೆ. ಉತ್ತರ ಬಂದದ್ದು ಅವರ ಮನೆಯವರಿಂದಲೇ: ‘ಆ ದೋಣೀಲಿ ಅವರ ಮಕ್ಕಳೂ ಕೂರ್ತಾರಲ್ರೀ.’ ಅದಕ್ಕೆ ನಮ್ಮ ಬಳಿ ಎದುರು ಮಾತಿರಲಿಲ್ಲ.

ಹೀಗೆ ಆ ಚಳಿಗಾಲವೆಲ್ಲ ದೋಣಿ ಗ್ಯಾರೇಜಿನಲ್ಲಿತ್ತು, ಕಾರು ಹಿಮದಲ್ಲಿತ್ತು. ಹಳೆಯ ತಂತಿಯನ್ನೆಲ್ಲ ಕಿತ್ತು ಹೊಸದಾಗಿ ಎಳೆದೆವು. ಅಮೆರಿಕದ ದೋಣಿ ಕಟ್ಟುವವರು ಅನುಸರಿಸುವ ನಿಯಮಗಳನ್ನು 1954ರಲ್ಲಿ ಸ್ಥಾಪನೆಯಾದ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ಎಂಬ ಸಂಸ್ಥೆ ರೂಪಿಸುತ್ತದೆ. ಓದುತ್ತ ಹೋದಂತೆ ಇದು ಬರೀ ತಂತಿಯ ಶಾಸ್ತ್ರವಲ್ಲವೆಂದು ನಮಗೆ ಅನ್ನಿಸತೊಡಗಿತು.

ಫ್ಯೂಸಿನ ವಿಷಯವನ್ನೇ ತೆಗೆದುಕೊಳ್ಳಿ. ಅದು ಯಂತ್ರವನ್ನು ಕಾಯಲೆಂದು ಇದೆಯೆಂದು ನಾವು ತಿಳಿದಿದ್ದೆವು. ನಿಜವಾಗಿ ಅದು ಕಾಯುವುದು ತಂತಿಯನ್ನು. ತಂತಿ ಕಾದು ಬೆಂಕಿ ಹತ್ತುವ ಮೊದಲು ತಾನು ಸುಟ್ಟುಹೋಗುತ್ತದೆ. ಆದ್ದರಿಂದಲೇ ಅದನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಇಡಬೇಕು. ಸಾಮಾನ್ಯ ಲೆಕ್ಕ 7 ಅಂಗುಲ; ತಂತಿಗೆ ಕೊಳವೆಯ ಹೊದಿಕೆ ಇದ್ದರೆ ಇನ್ನಷ್ಟು ದೂರಕ್ಕೆ ಅವಕಾಶವುಂಟು. ಊರಿನಲ್ಲಿ ಫ್ಯೂಸ್ ಹೋದಾಗ ನಾವೆಲ್ಲ ಏನು ಮಾಡುತ್ತಿದ್ದೆವು? ಪಿಂಗಾಣಿಯ ಫ್ಯೂಸ್ ಕಿತ್ತು, ಪದೇ ಪದೇ ಹೋಗದಿರಲಿ ಎಂದು ದಪ್ಪ ತಂತಿ ಸುತ್ತಿ ಸಿಕ್ಕಿಸುತ್ತಿದ್ದೆವು. ಕಿರಿಕಿರಿ ತಪ್ಪುತ್ತಿತ್ತು, ಅದರೊಂದಿಗೆ ಕಾವಲೂ ತಪ್ಪುತ್ತಿತ್ತು. ಎಚ್ಚರಿಸುವವರ ಬಾಯಿ ಮುಚ್ಚಿಸಿ ಶಾಂತಿ ಪಡೆಯುವ ಅಭ್ಯಾಸ ಬರೀ ಫ್ಯೂಸಿನ ವಿಷಯದಲ್ಲಿ ಮಾತ್ರ ಇದೆಯೆಂದು ಹೇಳಲಾರೆವು.

ತಳದ ಪಂಪಿಗೆ ಅದರದೇ ಫ್ಯೂಸ್ ಕೊಟ್ಟು ನೇರವಾಗಿ ಬ್ಯಾಟರಿಗೆ ಜೋಡಿಸಿದೆವು. ಮುಖ್ಯ ಸ್ವಿಚ್ಚು ಆರಿಸಿ ಎಲ್ಲರೂ ಮನೆಗೆ ಹೋದ ಮೇಲೂ, ನೀರು ಏರಿದರೆ ತೇಲುವ ಸ್ವಿಚ್ಚು ಎದ್ದು ಪಂಪು ತಾನೇ ಓಡಬೇಕು. ಮನೆಗೆ ಎಳೆಯುವ ಒಂಟಿ ಎಳೆಯ ಗಟ್ಟಿ ತಂತಿ ಅಲುಗಾಟಕ್ಕೆ ಮುರಿಯುತ್ತದೆ. ದೋಣಿಗೆ ಬೇಕಾದ್ದು ಹಲವು ಸಣ್ಣ ಎಳೆಗಳನ್ನು ಹೊಸೆದು ತವರ ಲೇಪಿಸಿದ ತಾಮ್ರ. ದೀಪದ ತಂತಿ ಸಪೂರವಾದರೆ ದೀಪ ಮಂಕಾಗುತ್ತದೆ. 12 ವೋಲ್ಟಿನಲ್ಲಿ ದಾರಿಯ ಸವಕಳಿ ನೂರಕ್ಕೆ 3ನ್ನು ಮೀರಬಾರದು. 18 ಅಂಗುಲಕ್ಕೊಂದು ಕಡೆಯಾದರೂ ತಂತಿಗೆ ಆಧಾರ ಬೇಕು. ನೆಗೆಟಿವ್ ತಂತಿಗೆ ಹಳದಿ ಬಣ್ಣ ಆರಿಸಿದೆವು. ಕಪ್ಪಿಗೂ ಒಪ್ಪಿಗೆಯಿದೆ, ಆದರೆ ಈ ದೇಶದ ಮನೆಗಳಲ್ಲಿ ಕಪ್ಪು ತಂತಿಯಲ್ಲಿ ಕರೆಂಟು ಹರಿಯುತ್ತದೆ. ನೋಡಿದವರಿಗೆ ಗೊಂದಲವಾಗದಿರಲಿ ಎಂಬುದು ಹಳದಿಯ ಹಿಂದಿನ ಯೋಚನೆ.

ತಂತಿ ಕತ್ತರಿಸುವಾಗ ಉದುರುವ ತಾಮ್ರದ ಚೂರುಗಳದು ಇನ್ನೊಂದು ಕಥೆ. ಅವು ತಳದಲ್ಲಿ ಬಿದ್ದು ನೆನೆದರೆ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯೇ ಹುಟ್ಟಿಕೊಂಡು, ಆ ಜಾಗದ ಅಲ್ಯೂಮಿನಿಯಮ್ ಸವೆಯುತ್ತ ಹೋಗುತ್ತದೆ. ಉಪ್ಪುನೀರಿನಲ್ಲಿ ಬೇಗ, ಸಿಹಿನೀರಿನಲ್ಲಿ ನಿಧಾನ. ರಾತ್ರಿ ಹನ್ನೊಂದಕ್ಕೆ ಮೂವರು ಗೃಹಸ್ಥರು ಮಂಡಿಯೂರಿ ಕೂದಲಿನಷ್ಟು ಸಣ್ಣ ಎಳೆಗಳನ್ನು ಹೆಕ್ಕುತ್ತಿದ್ದುದನ್ನು ಕಂಡು ನಮ್ಮ ಮನೆಯವರು ನಕ್ಕರು.

ಓರಣವೆಂದರೆ ಅಂದವೇ ಎಂಬ ಪ್ರಶ್ನೆಯೂ ಬಂತು. ಒಮ್ಮೆ ನಮ್ಮಲ್ಲೊಬ್ಬರು ಅಂಗುಲಕ್ಕೊಂದು ಪಟ್ಟಿ ಬಿಗಿದು ತಂತಿಗಳನ್ನು ಜಡೆ ಹೆಣೆದಂತೆ ಮಾಡಿದರು. ಕಣ್ಣಿಗೆ ಹಬ್ಬ. ಆದರೆ ಒಂದು ತಂತಿ ಬದಲಿಸಬೇಕಾದಾಗ ಇಡೀ ಜಡೆಯನ್ನೇ ಬಿಚ್ಚಬೇಕಾಯಿತು. ಅಲ್ಲದೆ ಸಪೂರ ತಂತಿಯನ್ನು ಸಾಲಾಗಿ ಜೋಡಿಸಿದರೆ, ಅದು ಗೋಜಲಿಗಿಂತಲೂ ಅಪಾಯ. ಗೋಜಲನ್ನು ಯಾರೂ ನಂಬುವುದಿಲ್ಲ, ಸಾಲನ್ನು ನಂಬುತ್ತಾರೆ. ಮೇಲೆ ಥಳಕು ಒಳಗೆ ಹುಳುಕು ಎಂಬ ಮಾತಿದೆಯಲ್ಲ, ಒಳಗೂ ಥಳಕು ಮಾಡಲು ಸಾಧ್ಯವೆಂದು ನಮಗೆ ಆಗ ತಿಳಿಯಿತು. ಕೊನೆಗೆ ಒಂದು ಅಳತೆ ಹಾಕಿಕೊಂಡೆವು: ನಾಳೆ ಗೊತ್ತಿಲ್ಲದವರೊಬ್ಬರು ಕತ್ತಲಲ್ಲಿ, ನಡುಗುವ ಕೈಯಲ್ಲಿ ಈ ಮುಚ್ಚಳ ತೆಗೆದರೆ, ಅವರಿಗೆ ದಾರಿ ಕಾಣಬೇಕು. ಅದಕ್ಕೆ ನೆರವಾಗುವುದೆಲ್ಲ ಓರಣ, ಮಿಕ್ಕದ್ದು ಶೋಕಿ.

ಆದ್ದರಿಂದ ಪ್ರತಿ ತಂತಿಯ ಎರಡೂ ತುದಿಗೆ ಚೀಟಿ ಅಂಟಿಸಿದೆವು. ಕನ್ನಡದಲ್ಲಿ ಬರೆಯೋಣವೆಂದು ಅಭಿಮಾನದ ಮಾತು ಎದ್ದಿತು. ಆದರೆ ಮುಂದೆ ಓದುವವರಿಗೆ ಕನ್ನಡ ಬಾರದಿದ್ದರೆ ನಮ್ಮ ಅಭಿಮಾನ ಅವರ ದೋಣಿಯನ್ನು ತೇಲಿಸೀತೇ? ಇಂಗ್ಲಿಷಿನಲ್ಲೇ ಬರೆದೆವು. ಹೊಯ್ಸಳರ ಶಿಲ್ಪಿ ಮಲ್ಲಿತಮ್ಮ ನುಗ್ಗೇಹಳ್ಳಿ, ಸೋಮನಾಥಪುರಗಳಲ್ಲಿ ತನ್ನ ಹೆಸರು ಕೆತ್ತಿಟ್ಟಿದ್ದಾನೆ, ಅಂಥ ಕೆಲಸಕ್ಕೆ ಅದು ಒಪ್ಪುತ್ತದೆ. ನಮ್ಮಂಥ ಕೆಲಸದಲ್ಲಿ ಬರೆಯಬೇಕಾದ್ದು ತಂತಿಯ ಹೆಸರು. ಕೆಲಸ ಮುಗಿದು ಮೂರು ತಿಂಗಳಿಗೆ ಯಾವುದು ಏನೆಂದು ನಮಗೇ ಮರೆತುಹೋಗಿತ್ತು. ಗೊತ್ತಿಲ್ಲದ ಆ ಒಬ್ಬರು ನಾವೇ ಆಗಿದ್ದೆವು!

ಮುಂದಿನ ಬೇಸಿಗೆಯೆಲ್ಲ ದೋಣಿ ಒಂದು ತೊಂದರೆಯನ್ನೂ ಕೊಡಲಿಲ್ಲ. ಆಮೇಲೆ ನಮ್ಮಲ್ಲೊಂದು ಸಂಸಾರ ಕೆಲಸದ ನಿಮಿತ್ತ ಬೇರೆ ರಾಜ್ಯಕ್ಕೆ ಹೊರಟಿತು, ದೋಣಿ ಮಾರಬೇಕಾಯಿತು. ಕೊಳ್ಳಲು ಬಂದವರು ಮೊಮ್ಮಗನೊಂದಿಗೆ ಬಂದ ಹಿರಿಯರು. ಬಣ್ಣ ನೋಡಿದರು, ಇಂಜಿನ್ನಿನ ಸದ್ದು ಕೇಳಿದರು. ನಮ್ಮ ಹಾಗೆಯೇ ಮುಚ್ಚಳದ ಕಡೆ ತಿರುಗಲಿಲ್ಲ. ನಾವೇ ತೆಗೆದು ತೋರಿಸಿದೆವು, ಆ ರಾತ್ರಿಯ ಕಥೆಯನ್ನೂ ಹೇಳಿದೆವು. ಕಥೆ ಕೇಳಿ ಅವರು 200 ಡಾಲರ್ ಇಳಿಸಿ ಕೇಳಿದರು. ಕೊಟ್ಟೆವು.

ಸುಮ್ಮನಿದ್ದಿದ್ದರೆ 200 ಡಾಲರ್ ಉಳಿಯುತ್ತಿತ್ತು ಎಂದು ಚಿತ್ರಾನ್ನದವರು ಇಂದಿಗೂ ಹೇಳುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ನಮ್ಮ ಚಳಿಗಾಲದ ಕೆಲಸಕ್ಕೆ ಒಂದು ಡಾಲರೂ ಹೆಚ್ಚು ಬರಲಿಲ್ಲ, ಹೊಗಳಿಕೆಯೂ ಬರಲಿಲ್ಲ. ಆದರೂ ಗಾಳಿ ಏಳುವ ಸಂಜೆಗಳಲ್ಲಿ ಆ ಹುಡುಗನ ನೆನಪಾಗುತ್ತದೆ. ಅಜ್ಜ ಮೊಮ್ಮಗ ನೀರಿನ ಮೇಲಿರಬಹುದು, ಪಂಪು ಓಡುತ್ತಿರಬಹುದು. ಅವರಿಗೆ ಆ ಮುಚ್ಚಳ ತೆಗೆಯುವ ಪ್ರಸಂಗವೇ ಬಾರದಿರಲಿ ಎಂದು ಹಾರೈಸುತ್ತೇವೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಮುಂದಿನ ಸಂಚಿಕೆಗೆ ಬರೆದು ತಿಳಿಸಿ.