ಕನ್ನಡಿಯ ಕಾಯಕ

ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ಕನ್ನಡಿ ತೋರುವುದನ್ನೇ ಕಾಯಕವಾಗಿ ಕೈಕೊಂಡವರಿದ್ದರು. ಕನ್ನಡಿ ಕಾಯಕದ ಅಮ್ಮಿದೇವಯ್ಯನವರ ಹೆಸರನ್ನೂ ಕನ್ನಡಿ ಕಾಯಕದ ರೇಮಮ್ಮನವರ ಹೆಸರನ್ನೂ ವಚನ ಸಂಪುಟಗಳನ್ನು ತಿರುವಿದವರು ಬಲ್ಲರು. ನೇಯುವವರು, ದೋಣಿ ನಡೆಸುವವರು, ಸೌದೆ ಹೊರುವವರು ಇವರ ಸಾಲಿನಲ್ಲಿಯೇ ಕನ್ನಡಿ ಹಿಡಿದವರಿಗೂ ಸ್ಥಾನವಿದ್ದಿತೆಂಬುದು ಸಣ್ಣ ಮಾತಲ್ಲ. ಒಬ್ಬನು ತಾನಾಗಿ ಕಾಣಲಾರದುದನ್ನು ಅವನಿಗೆ ಕಾಣಿಸಿಕೊಡುವುದು ಒಂದು ಸೇವೆ. ಅದರಲ್ಲಿ ಕೂಡಿಸುವುದೂ ಇರಕೂಡದು, ಕಳೆಯುವುದೂ ಇರಕೂಡದು. ಈಚೆಗೆ ನಡೆದ ಒಂದು ಪ್ರಸಂಗವು ಈ ಕಾಯಕವನ್ನು ಕುರಿತು ನನ್ನನ್ನು ಮತ್ತೆ ಚಿಂತನೆಗೆ ಹಚ್ಚಿತು.

ಕಳೆದ ಆಷಾಢದಲ್ಲಿ ಬಂಟ್ವಾಳದ ಬಂಧುಗಳ ಮನೆಗೆ ಹೋಗಬೇಕಾಗಿ ಬಂದಿತು. ಘಟ್ಟದ ಮೇಲಿನ ನಮ್ಮಂಥವರಿಗೆ ಆ ಸೀಮೆಯು ಧರ್ಮಸ್ಥಳದ ಯಾತ್ರೆಯಿಂದ ಮಾತ್ರ ಪರಿಚಿತ. ಕೆಳದಿಯ ವೀರಶೈವ ಅರಸರು ಒಂದು ಕಾಲಕ್ಕೆ ಆಳಿದ ನಾಡಾದರೂ ನಮ್ಮವರ ಮನೆಗಳು ಅಲ್ಲಿ ವಿರಳವೇ. ಬಂಟ್ವಾಳದ ಕಾರ್ಯವನ್ನು ಮುಗಿಸಿಕೊಂಡು ಸಿದ್ಧಕಟ್ಟೆಯ ಮಾರ್ಗವಾಗಿ ಮೂಡುಬಿದಿರೆಗೆ ಹೋಗಿ, 1430ರ ಸಾವಿರ ಕಂಬದ ಬಸದಿಯನ್ನು ಮಳೆಯಲ್ಲಿಯೇ ಕಂಡೆವು. ಅಲ್ಲಿಂದ ವೇಣೂರಿನ ಹಾದಿ ಹಿಡಿದು ಬೆಳ್ತಂಗಡಿಯ ಕಡೆಗೆ ಹೊರಟಾಗ, ನಡುವೆ ಪರಿಚಿತರೊಬ್ಬರ ಅಡಕೆ ತೋಟದ ಮನೆಯಲ್ಲಿ ಊಟಕ್ಕೆ ನಿಂತೆವು. ಬಾಡಿಗೆಯ ಕಾರು, ಚಾಲಕನು ಇಪ್ಪತ್ತೈದರ ಒಳಗಿನ ಯುವಕ, ವಿನಯವಂತ, ದುರಭ್ಯಾಸಗಳಿಲ್ಲದವನು.

ಊಟವಾಗಿ ಹೊರಟಾಗ ಕಾರನ್ನು ಅಂಗಳದಿಂದ ಹಿಮ್ಮುಖವಾಗಿ ತೆಗೆಯಬೇಕಾಗಿತ್ತು. ಈಗಿನ ಕಾರುಗಳಲ್ಲಿ ಹಿಂದೆ ಒಂದು ಸಣ್ಣ ಕ್ಯಾಮರಾ ಇರುತ್ತದೆ. ಅದು ಕಂಡುದು ಚಾಲಕನ ಮುಂದಿನ ಪರದೆಯಲ್ಲಿ ಮೂಡುತ್ತದೆ. ಚಿತ್ರದ ಮೇಲೆ ಹಸಿರು, ಹಳದಿ, ಕೆಂಪು ಗೆರೆಗಳು ಬಿದ್ದು, ಗಾಡಿಯು ಯಾವ ಜಾಡಿನಲ್ಲಿ ಹಿಂದೆ ಸರಿಯುವುದೆಂಬುದನ್ನು ತೋರಿಸುತ್ತವೆ. ನಾನು ಪಕ್ಕದಲ್ಲಿ ಕುಳಿತಿದ್ದುದರಿಂದ ಆ ಪರದೆಯನ್ನು ನೋಡುತ್ತಿದ್ದೆನು. ಬೆಳಗಿನಿಂದ ಕೆಂಪು ಮಣ್ಣಿನ ರಾಡಿಯಲ್ಲಿ ಬಂದ ಗಾಡಿಯಾದುದರಿಂದ ಅದರಲ್ಲಿ ಕಾಣುತ್ತಿದ್ದುದು ಬರಿಯ ಕಂದು ಮಸುಕು. ಆದರೆ ಗೆರೆಗಳು ಮಾತ್ರ ಅಂದು ಬರೆದಷ್ಟು ನಿಚ್ಚಳವಾಗಿದ್ದುವು! ಎಚ್ಚರಿಕೆಯ ಸದ್ದೂ ಇದ್ದಿತು. ಅಂಗಳದಂಚಿನ ಕ್ರೋಟನ್ ಗಿಡಗಳಿಗೂ ಅದು ಕೂಗುತ್ತಲೇ ಇದ್ದುದರಿಂದ ಚಾಲಕನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಸಿರು ಗೆರೆಯನ್ನು ನಂಬಿ ಹಿಂದೆ ಸರಿದನು. ಜಗಲಿಯಲ್ಲಿದ್ದ ಅಜ್ಜಿಯು ಕಿರಿಚಿಕೊಂಡಳು. ಗಾಡಿ ನಿಂತಿತು. ಆರು ವರ್ಷದ ಮೊಮ್ಮಗಳು, ಬಿದ್ದ ಅಡಕೆಯ ಹಾಳೆಯೊಂದನ್ನು ಎತ್ತಲೆಂದು ಬಗ್ಗಿದವಳು, ಗಾಡಿಗೂ ತನಗೂ ನಡುವೆ ಒಂದು ಮೊಳ ಮಾತ್ರವುಳಿದಿರಲು ಹಾಳೆಯನ್ನು ಹಿಡಿದುಕೊಂಡು ನಿಂತಿದ್ದಳು.

ಚಾಲಕನ ಮುಖವು ಬಿಳಿಚಿತು. ಅವನ ಬಾಯಿಂದ ಬಂದ ಮೊದಲ ಮಾತು, “ಪರದೆಯಲ್ಲಿ ಕಾಣಲಿಲ್ಲ ಸ್ವಾಮಿ” ಎಂಬುದು. ಆ ಮಾತು ಸುಳ್ಳಲ್ಲ. ಆದರೆ ಅದು ಉತ್ತರವೇ? ನನ್ನನ್ನು ಅಂದಿನಿಂದ ಬಾಧಿಸುತ್ತಿರುವುದು ಈ ಪ್ರಶ್ನೆಯೇ.

ಹಿಂದಿನದನ್ನು ತೋರುವ ಪರದೆ ಕಾರಿಗೆ ಬಂದು ವರ್ಷಗಳಾದುವು. ಈಗ ಬಾಗಿಲಿನ ಎರಡು ಕಿವಿಗನ್ನಡಿಗಳನ್ನೇ ತೆಗೆದುಹಾಕಿ ಅಲ್ಲಿ ಬೆರಳುದ್ದದ ಕ್ಯಾಮರಾಗಳನ್ನಿರಿಸುವ ಕ್ರಮವು ಕೆಲವು ದೇಶಗಳಲ್ಲಿ ನಡೆದಿದೆ. ಜಪಾನು 2016ರಲ್ಲಿ ಇದಕ್ಕೆ ಅನುಮತಿಯಿತ್ತಿತು. 2018ರ ಅಕ್ಟೋಬರಿನಲ್ಲಿ ಅಲ್ಲಿ ಲೆಕ್ಸಸ್ ಕಂಪನಿಯ ಕಾರೊಂದು ಹಾಗೆಯೇ ಮಾರಾಟಕ್ಕೆ ಬಂದಿತು. ಜರ್ಮನಿಯ ಮರ್ಸಿಡಿಸ್ ಆಕ್ಟ್ರೋಸ್ ಲಾರಿಯೂ ಅದೇ ವರ್ಷ ತನ್ನ ದೊಡ್ಡ ಕನ್ನಡಿಗಳನ್ನು ಬಿಟ್ಟು ಕ್ಯಾಮರಾ ಧರಿಸಿತು. ಅಮೆರಿಕೆಯು ಇನ್ನೂ ಬಾಗಿಲ ಕನ್ನಡಿಯನ್ನು ಬಿಟ್ಟಿಲ್ಲ. ನಮ್ಮಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ಹಿಮ್ಮುಖ ಚಲನೆಯ ಎಚ್ಚರಿಕೆ ಕಡ್ಡಾಯವಾಗಿದೆ. ಒಳಗಿನ ಕನ್ನಡಿಯೇ ಪರದೆಯಾಗಬಲ್ಲ ಕಾರುಗಳೂ ಬಂದಿವೆ. ಉಳಿದುದು ಇಂದಲ್ಲ ನಾಳೆ ನಮ್ಮ ಅಂಗಳಕ್ಕೂ ಬಂದೀತು.

ಹೊಸದೆಂಬ ಕಾರಣಕ್ಕೆ ಹೊಸದನ್ನು ಹಳಿಯುವುದು ಶರಣರ ಮಾರ್ಗವಲ್ಲ. ಅಮೆರಿಕೆಯಲ್ಲಿ ಹೆತ್ತ ತಂದೆಯೇ ಹಿಮ್ಮುಖವಾಗಿ ತೆಗೆದ ಗಾಡಿಗೆ ಸಿಕ್ಕಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲಿಯೇ 2008ರಲ್ಲಿ ಒಂದು ಶಾಸನವಾಗಿ, ಅದರ ಫಲವಾಗಿ 2018ರ ಮೇ ತಿಂಗಳಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಹಿಂಬದಿಯ ಕ್ಯಾಮರಾ ಕಡ್ಡಾಯವಾಯಿತು. ಯಾವ ಕನ್ನಡಿಯೂ ಆ ತಂದೆಗೆ ಆ ಮಗುವನ್ನು ತೋರಿಸುತ್ತಿರಲಿಲ್ಲ. ಕನ್ನಡಿಯನ್ನು ಹೊಗಳುವವರು ಇದನ್ನು ಮರೆಯಬಾರದು. ಬಾಗಿಲ ಕನ್ನಡಿಯು ಗಾಳಿಗೆ ಅಡ್ಡವಾಗಿ ಇಂಧನವನ್ನು ತಿನ್ನುತ್ತದೆ; ಕತ್ತಲೆಯಲ್ಲಿ ಅದು ಕುರುಡು; ಮಳೆಯಲ್ಲಿ ಕಿಟಕಿಯ ಗಾಜೂ ಕನ್ನಡಿಯ ಗಾಜೂ ಕೂಡಿ ಎರಡು ಪದರ ಹನಿಗಳು. ಹೆಚ್ಚು ಕಾಣಲೆಂದು ಉಬ್ಬಿಸಿದ ಕನ್ನಡಿಯು ಹತ್ತಿರದ ಗಾಡಿಯನ್ನು ದೂರವಿರುವಂತೆ ತೋರುತ್ತದೆ. ಹಾಗಾದರೆ ಕನ್ನಡಿಯೂ ಸುಳ್ಳಾಡಲಿಲ್ಲವೇ?

ಆಡಿತು. ಆದರೆ ಅದರ ಸುಳ್ಳಿಗೂ ಒಂದು ನಿಯಮವಿದೆ. ಅದು ಎಂದೂ ಅದೇ ಸುಳ್ಳು, ಕಲಿತವನು ಅದನ್ನು ಕಳೆದು ನೋಡಬಲ್ಲನು. ಕನ್ನಡಿಗೆ ಮಣ್ಣು ಮೆತ್ತಿದರೆ ಮಣ್ಣು ಕಾಣುತ್ತದೆ, ಒಡೆದರೆ ಒಡಕು ಕಾಣುತ್ತದೆ. ತನ್ನ ಅಸಾಮರ್ಥ್ಯವನ್ನು ಅದು ಮುಚ್ಚಿಡಲಾರದು. ಪರದೆಯ ಸ್ವಭಾವ ಬೇರೆ. ಅದರಲ್ಲಿರುವುದು ಹಿಂದಿನಿಂದ ಬಂದ ಬೆಳಕಲ್ಲ. ಆ ಬೆಳಕನ್ನು ಯಂತ್ರವು ಅಂಕೆಗಳಾಗಿ ಮಾಡಿ, ತಿದ್ದಿ, ಮತ್ತೆ ಬರೆದ ಚಿತ್ರ. ನಡುವೆ ಒಬ್ಬ ಬರೆಹಗಾರನಿದ್ದಾನೆ. ಅವನು ಬಹುಮಟ್ಟಿಗೆ ಪ್ರಾಮಾಣಿಕನು. ಆದರೂ ಆ ದಿನ ಅಂಗಳದಲ್ಲಿ ಕಂಡುದು ಇದನ್ನೇ: ನೋಟವು ಅಳಿದಿತ್ತು, ಗೆರೆಗಳು ಉಳಿದಿದ್ದುವು.

ಶರಣರು ಅರಿವು ಮತ್ತು ಕುರುಹು ಎಂಬ ಎರಡು ಮಾತುಗಳನ್ನು ಎಷ್ಟು ಎಚ್ಚರಿಕೆಯಿಂದ ಬಳಸಿದರೆಂಬುದು ನನಗೆ ಆಗ ನೆನಪಾಯಿತು. ಅಂಗೈಯಲ್ಲಿರುವ ಇಷ್ಟಲಿಂಗವು ಅರಿವಿನ ಕುರುಹು. ಕುರುಹನ್ನು ಅವರು ಬಿಡಲಿಲ್ಲ. ಅದಿಲ್ಲದೆ ಚಂಚಲವಾದ ದೃಷ್ಟಿಗೆ ನೆಲೆಯಿಲ್ಲ. ಆದರೆ ಅರಿವು ಮಸುಳಿದ ಮೇಲೆಯೂ ಕುರುಹನ್ನೇ ಹಿಡಿದು ತೃಪ್ತನಾದವನನ್ನು, ಮುಖ್ಯವಾಗಿ ಅಲ್ಲಮಪ್ರಭುಗಳು, ಎಷ್ಟು ಕಠಿಣವಾಗಿ ಪ್ರಶ್ನಿಸಿದರು! ನಿತ್ಯ ಪೂಜೆಯಲ್ಲಿ ಕುಳಿತು ಮನಸ್ಸನ್ನು ಸಂತೆಗೆ ಕಳುಹಿದ ಗೃಹಸ್ಥನಿಗೂ, ಮಸುಕಿನ ಮೇಲಿನ ಹಸಿರು ಗೆರೆಯನ್ನು ಕಂಡು ದಾರಿ ಕಂಡೆನೆಂದು ತಿಳಿದ ಚಾಲಕನಿಗೂ ಹೆಚ್ಚಿನ ಅಂತರವಿಲ್ಲ. ಇದನ್ನು ಬರೆಯುವಾಗ ನಾನು ನನ್ನನ್ನೂ ಹೊರಗಿಟ್ಟುಕೊಂಡಿಲ್ಲ. ಆ ಮಸುಕನ್ನು ನಾನೂ ಕಂಡಿದ್ದೆನು. ಗಾಡಿ ನಡೆಸುವವನು ನಾನಲ್ಲವಲ್ಲಾ ಎಂದು ಸುಮ್ಮನಿದ್ದೆನು.

ಇನ್ನೊಂದು ಮಾತು. ಕನ್ನಡಿಯಲ್ಲಿ ಬೆಳಕಿನ ದಾರಿಯು ಎರಡು ಕಡೆಗೂ ತೆರೆದಿರುತ್ತದೆ. ಚಾಲಕನು ಹಿಂದಿನ ಸೈಕಲ್ಲಿನವನ ಕಣ್ಣುಗಳನ್ನು ಕಂಡರೆ, ಆ ಸೈಕಲ್ಲಿನವನಿಗೂ ಅದೇ ಕನ್ನಡಿಯಲ್ಲಿ ಚಾಲಕನ ಕಣ್ಣುಗಳು ಕಾಣಬಲ್ಲವು. “ಅವನು ನನ್ನನ್ನು ನೋಡಿದನು” ಎಂಬ ಧೈರ್ಯದಿಂದ ಆತನು ಮುಂದೆ ಸಾಗುತ್ತಾನೆ. ಬಿ.ಸಿ. ರೋಡಿನಂತಹ ಇಕ್ಕಟ್ಟಿನ ಪೇಟೆಯಲ್ಲಿ ಲಾರಿಯ ಪಕ್ಕದಲ್ಲಿ ನುಸುಳುವ ಬಡವನಿಗೆ ಈ ನೋಟದ ಒಪ್ಪಂದವೇ ರಕ್ಷೆ. ಕ್ಯಾಮರಾ ಅವನನ್ನು ಕಾಣುತ್ತದೆ, ಬಹುಶಃ ಕನ್ನಡಿಗಿಂತ ಚೆನ್ನಾಗಿಯೇ ಕಾಣುತ್ತದೆ. ಆದರೆ ತಾನು ಕಾಣಲ್ಪಟ್ಟೆನೋ ಇಲ್ಲವೋ ಎಂಬುದು ಅವನಿಗೆ ತಿಳಿಯದು. ತಾನು ಕಾಣಿಸಿಕೊಳ್ಳದೆ ಪರರನ್ನು ಕಾಣುವುದು ಬಲವಂತನ ಲಕ್ಷಣ. ಇದು ಇಂಧನದ ಉಳಿತಾಯದ ಲೆಕ್ಕದಲ್ಲಿ ಬರತಕ್ಕ ನಷ್ಟವಲ್ಲ.

ಕಣ್ಣಿನ ತೊಂದರೆಯೂ ಒಂದುಂಟು, ವಯಸ್ಸಾದವರಿಗೆ ವಿಶೇಷವಾಗಿ. ಕನ್ನಡಿಯಲ್ಲಿ ಹಿಂದಿನ ಗಾಡಿಯನ್ನು ನೋಡುವಾಗ ಕಣ್ಣು ದೂರಕ್ಕೇ ಹೊಂದಿಕೊಂಡಿರುತ್ತದೆ, ಏಕೆಂದರೆ ಕನ್ನಡಿಯೊಳಗಿನ ಬಿಂಬವು ಗಾಜಿನ ಮೇಲಿರುವುದಿಲ್ಲ, ಗಾಜಿನಿಂದಾಚೆಗೆ ಇರುತ್ತದೆ. ಪರದೆಯ ಚಿತ್ರವು ಕೈಗೆ ನಿಲುಕುವಷ್ಟು ಹತ್ತಿರ. ನಲವತ್ತು ದಾಟಿ ಚಾಳೀಸು ಧರಿಸಿದವನು ರಸ್ತೆಯಿಂದ ಪರದೆಗೆ, ಪರದೆಯಿಂದ ರಸ್ತೆಗೆ ಹೊರಳುವಾಗ ಪ್ರತಿಸಲವೂ ಕ್ಷಣಕಾಲ ತೊಳಲಬೇಕಾಗುತ್ತದೆ. ತಲೆಯನ್ನು ತುಸು ವಾಲಿಸಿ ಕನ್ನಡಿಯ ಮೂಲೆಯಲ್ಲಡಗಿದುದನ್ನು ಇಣಿಕಿ ನೋಡುವ ಹಳೆಯ ಉಪಾಯವೂ ಪರದೆಯ ಮುಂದೆ ನಡೆಯದು. ಎಷ್ಟು ವಾಲಿದರೂ ಅಲ್ಲಿರುವುದು ಅಷ್ಟೆ.

ನನ್ನ ಅಭಿಪ್ರಾಯವನ್ನು ಕೇಳಿದರೆ, ಕ್ಯಾಮರಾ ಬರಲಿ, ಕನ್ನಡಿಯೂ ಇರಲಿ ಎನ್ನುವೆನು. ಕಾಣದಿದ್ದಾಗ ಗೆರೆಗಳನ್ನೂ ಅಳಿಸಿ ಕಪ್ಪಾಗಿ ನಿಲ್ಲುವಷ್ಟು ವಿನಯವನ್ನು ಪರದೆಗೆ ಕಲಿಸುವುದು ಯಂತ್ರಶಾಸ್ತ್ರಜ್ಞರಿಗೆ ಅಸಾಧ್ಯವೇನಲ್ಲ. ಆದರೆ “ಪರದೆಯಲ್ಲಿ ಕಾಣಲಿಲ್ಲ” ಎಂಬ ಮಾತಿಗೆ ಮೊದಲು “ಕನ್ನಡಿಯಲ್ಲಿ ಕಾಣಲಿಲ್ಲ” ಎಂಬ ಮಾತಿದ್ದಿತೆಂಬುದನ್ನೂ ನೆನೆಯಬೇಕು. ಅಮ್ಮಿದೇವಯ್ಯನವರು ಕನ್ನಡಿ ಹಿಡಿದರು. ಎದುರಿನವನ ಪರವಾಗಿ ತಾವೇ ನೋಡಿಕೊಳ್ಳಲಿಲ್ಲ. ನೋಡುವ ಕೆಲಸ ಅವನದಾಗಿಯೇ ಉಳಿದಿತ್ತು. ಆ ಅಂಗಳದಲ್ಲಿ ಬೇಕಾಗಿದ್ದುದು ಯಾವ ಉಪಕರಣವೂ ಅಲ್ಲ, ಬಾಗಿಲು ತೆರೆದು ಇಳಿದು ಹಿಂದಕ್ಕೆ ಹತ್ತು ಹೆಜ್ಜೆ ನಡೆಯುವುದು. ಮಳೆ ಸುರಿಯುತ್ತಿತ್ತು, ಆದುದರಿಂದ ಇಳಿಯಲಿಲ್ಲ. ಕಾರಣವಿದ್ದುದು ಇಷ್ಟೇ.

ಮಗುವನ್ನು ಅಜ್ಜಿಯು ಒಳಕ್ಕೆ ಕರೆದುಕೊಂಡಳು. ಮನೆಯವರು ಚಾಲಕನನ್ನು ಗದರಲಿಲ್ಲ, ಕುಡಿಯಲು ಬೆಲ್ಲ ನೀರು ಕೊಟ್ಟರು. ಅದೇ ಅವನಿಗೆ ಹೆಚ್ಚು ಕಷ್ಟವಾದಂತೆ ತೋರಿತು. ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆಗಳನ್ನು ದಾಟುವ ವರೆಗೂ ಅವನು ಮಾತನಾಡಲಿಲ್ಲ. ಚಾರ್ಮಾಡಿಯ ಏರಿನಲ್ಲಿ ಮಂಜು ಕವಿದಿತ್ತು. 2019ರ ಮಳೆಯಲ್ಲಿ ಕುಸಿದು ಮುಚ್ಚಿದ್ದ ದಾರಿ ಅದು, ಎರಡು ಬಸ್ಸುಗಳು ಎದುರಾದರೆ ಒಂದು ಹಿಂದೆ ಸರಿಯಲೇಬೇಕಾದ ತಿರುವುಗಳು. ಕೊಟ್ಟಿಗೆಹಾರವನ್ನು ಮುಟ್ಟುವುದರೊಳಗೆ ಅವನು ಮೂರು ಸಲ ಗಾಡಿಯನ್ನು ಬದಿಗೆ ನಿಲ್ಲಿಸಿ, ಹೆಗಲ ವಸ್ತ್ರದಿಂದ ಮೊದಲು ಎರಡು ಕನ್ನಡಿಗಳನ್ನೂ ಆಮೇಲೆ ಹಿಂದಿನ ಕ್ಯಾಮರಾದ ಕಣ್ಣನ್ನೂ ಒರಸಿದನು. ಮೂರನೆಯ ಸಲ ನಾನೂ ಇಳಿದು, ಹಿಂದೆ ಹೋಗಿ ನಿಂತೆನು.